ಕಡಿಮೆ ಖರ್ಚಿನಲ್ಲಿ ಟೆಂಟ್ ಪ್ರವಾಸ: ಶಿವಮೊಗ್ಗಕ್ಕೆ ಹೊಸದಾಗಿ ಬಂದವರಿಗೆ

ಶಿವಮೊಗ್ಗಕ್ಕೆ ಹೊಸದಾಗಿ ಬಂದ ಮನೆಯವರು ನಮ್ಮ ಸಂಘದಲ್ಲಿ ಜಾಸ್ತಿ ಕೇಳುವುದು ಇದನ್ನೇ: ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಹೋಗಿ ಬರಬೇಕು, ಆದರೆ ರೆಸಾರ್ಟಿಗೆ ಕೊಡುವಷ್ಟು ದುಡ್ಡಿಲ್ಲ. ಕೊಡುವುದೂ ಬೇಡ. ಒಂದು ಟೆಂಟ್, ಒಂದು ಟಾರ್ಪಾಲ್, ತಲೆಗೊಂದು ಕಂಬಳಿ ಇದ್ದರೆ ಸಾಕು. ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಮಾತ್ರ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟಿನ ಯೋಚನೆ ಬಿಡಿ. ಮಳೆ, ಮೇಲಿಂದ ಉಂಬಳ (ರಕ್ತ ಹೀರುವ ಜಿಗಣೆ). ಆಗ ಜೋಗ ನೋಡಬೇಕಾದರೆ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬನ್ನಿ. ಟೆಂಟಿಗೆ ನವೆಂಬರ್‌ನಿಂದ ಫೆಬ್ರವರಿ ಚೆನ್ನ. ತೊಡಕು ಏನೆಂದರೆ, ಮಂಗನ ಕಾಯಿಲೆ ಶುರುವಾಗುವುದೂ ಅದೇ ಕಾಲಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಗೊತ್ತಾದ ಜ್ವರ ಇದು. ಉಣ್ಣೆ, ಅಂದರೆ ರಕ್ತ ಹೀರುವ ಸಣ್ಣ ಉಣುಗು, ಕಚ್ಚಿ ಬರುತ್ತದೆ. ಉಣ್ಣೆ ಕಾಡಿನ ತರಗೆಲೆಯಲ್ಲಿರುತ್ತದೆ, ಮೇಯಲು ಹೋದ ದನಗಳ ಮೈ ಹತ್ತಿ ಊರಿಗೂ ಬರುತ್ತದೆ. ಹಾಗಾಗಿ ತರಗೆಲೆ ಮೇಲೆ ಕೂರುವುದು, ಕೊಟ್ಟಿಗೆ ಪಕ್ಕ ಟೆಂಟ್ ಹಾಕುವುದು ಬೇಡ. ಮೈತುಂಬ ಬಟ್ಟೆ ಹಾಕಿ. ಆರೋಗ್ಯ ಕೇಂದ್ರದಲ್ಲಿ ಉಣ್ಣೆ ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಬಂದ ಮೇಲೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ, ಕಾಡಿನ ಕಡೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲು ಹೇಳಿ.

ಅನುಮತಿ ಇಲ್ಲದೆ ಅರಣ್ಯದೊಳಗೆ ರಾತ್ರಿ ಕಳೆಯುವುದು ತಪ್ಪು. ಬೆಂಕಿ ಹಾಕುವುದಂತೂ ಬೇಡವೇ ಬೇಡ. ನಮ್ಮ ಪ್ರಕಾರ ಒಳ್ಳೆಯ ಜಾಗ ಯಾರದಾದರೂ ಮನೆಯ ಅಂಗಳ, ಇಲ್ಲವೇ ಕೊಯ್ಲಾದ ಗದ್ದೆ. ಅಡಿಕೆ ಕೊಯ್ಲಿನ ಸಮಯ ಅಂಗಳದಲ್ಲಿ ಅಡಿಕೆ ಹರವಿರುತ್ತಾರೆ, ಆಗ ಗದ್ದೆಯೇ ಸರಿ. ಕತ್ತಲಾದ ಮೇಲೆ ಬಾಗಿಲು ತಟ್ಟಬೇಡಿ. ಬೆಳಕಿದ್ದಾಗಲೇ ಹೋಗಿ, 'ಅಮ್ಮಾ, ಮಕ್ಕಳಿದ್ದಾರೆ, ಒಂದು ರಾತ್ರಿ ಇಲ್ಲಿ ಟೆಂಟ್ ಹಾಕಬಹುದಾ?' ಅಂತ ಕೇಳಿ. ಬಾಯಾರಿಕೆಗೆ ಏನು ಬೇಕು ಅಂತ ಕೇಳಿದರೆ ಬೇಡ ಅನ್ನಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ದುಡ್ಡು ತೆಗೆದುಕೊಳ್ಳದಿದ್ದರೆ ಅವರ ತೋಟದ ಕಾಳುಮೆಣಸೋ ಜೇನುತುಪ್ಪವೋ ಕೊಂಡುಕೊಳ್ಳಿ. ಹೋಂಸ್ಟೇಗಳಲ್ಲೂ ಕೇಳಿ ನೋಡಿ, ರೂಮಿಗಿಂತ ಅಂಗಳದ ಜಾಗ ಅಗ್ಗಕ್ಕೆ ಸಿಗಬಹುದು.

ಮೊದಲ ಸಲ ತೀರ್ಥಹಳ್ಳಿ ದಾರಿ ಹಿಡಿಯಿರಿ. ಬೆಳಿಗ್ಗೆ ಬೇಗ ಹೊರಟರೆ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನ ನೋಡಲು ಸಿಗುತ್ತದೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ! ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳು ಮಳೆಗಾಲದವು, ಚಳಿಗಾಲದಲ್ಲಿ ಸುಮ್ನೆ ಮುಂದೆ ಹೋಗಿ. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ, ಕವಿಶೈಲ ನೋಡಿ ಸಂಜೆಗೆ ಆಗುಂಬೆ. ಸೂರ್ಯಾಸ್ತ ಮುಗಿಯುವಷ್ಟರಲ್ಲಿ ಕತ್ತಲು, ಆದ್ದರಿಂದ ಟೆಂಟಿನ ಜಾಗ ಅದಕ್ಕೂ ಮೊದಲೇ ಕೇಳಿಟ್ಟಿರಬೇಕು. ಹೋಗಿ ಬರಲು ಸುತ್ತಾಟ ಸೇರಿ 200 ಕಿಲೋಮೀಟರ್ ಹಿಡಿಯಿರಿ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 13-14 ಲೀಟರ್ ಪೆಟ್ರೋಲ್. ದೊಡ್ಡ ಖರ್ಚು ಅದೊಂದೇ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಗಾಂಧಿ ಬಜಾರಿನಲ್ಲೇ ಕೊಂಡುಕೊಳ್ಳಿ. ಮೊಸರು ದಾರಿಯಲ್ಲಿ ಸಿಗುತ್ತದೆ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಫೋನ್‌ಪೇ ನಂಬಿಕೊಳ್ಳದೆ ಕೈಯಲ್ಲಿ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ಶರಾವತಿ ಹಿನ್ನೀರಿನ ಕಡೆ ಹೋದವರು ಮಕ್ಕಳನ್ನು ನೀರಿಗಿಳಿಸಬೇಡಿ. ಕೆಳಗೆ ಮುಳುಗಿದ ಮರದ ಬೊಡ್ಡೆಗಳಿವೆ, ಆಳವೂ ತಿಳಿಯುವುದಿಲ್ಲ.

ಟೆಂಟ್ ಕೊಳ್ಳಲು ಅವಸರ ಬೇಡ, ಸಂಘದಲ್ಲಿದೆ, ಹೆಸರು ಬರೆಸಿ ತೆಗೆದುಕೊಂಡು ಹೋಗಿ. ಇಬ್ಬನಿಗೆ ಬೆಳಗಾಗುವಷ್ಟರಲ್ಲಿ ತೊಯ್ದಿರುತ್ತದೆ. ಒದ್ದೆಯಲ್ಲೇ ಮಡಚಿ ತಂದುಕೊಡಬೇಡಿ, ಬಿಸಿಲಿಗೆ ಹಾಕಿ ಒಣಗಿಸಿ ಕೊಡಿ.