ಗಿಡ್ಡ ಹಸುವಿನ ಲೆಕ್ಕ ಗೊಬ್ಬರದ ಗುಂಡಿಯಲ್ಲಿದೆ

ಮಲೆನಾಡು ಗಿಡ್ಡ ಸಾಕಿದ್ದೇನೆಂದರೆ ಎಲ್ಲರೂ ಮೊದಲು ಕೇಳುವುದು ಹಾಲನ್ನು. ಎರಡು ಹೊತ್ತು ಸೇರಿ ಎರಡು ಲೀಟರ್ ಕೊಟ್ಟರೆ ಅದು ಒಳ್ಳೆಯ ಹಸು. ಕರುವನ್ನು ಮೊದಲು ಬಿಡದಿದ್ದರೆ ಅದು ಸೊರೆಯುವುದೇ ಇಲ್ಲ. ಹಾಲು ಗಟ್ಟಿ, ತುಪ್ಪ ಘಮ್ಮೆನ್ನುತ್ತದೆ ಎಂಬುದೆಲ್ಲ ನಿಜವಾದರೂ, ಡೇರಿಗೆ ಹಾಲು ಹಾಕಿ ಬದುಕಬೇಕೆನ್ನುವವರಿಗೆ ನಾನು ಈ ತಳಿಯನ್ನು ಹೇಳುವುದಿಲ್ಲ.

ನಾನು ಇವನ್ನು ಸಾಕುವುದು ಕಾಫಿ, ಮೆಣಸು ಮತ್ತು ಗದ್ದೆಗಾಗಿ. ಭಾಗಮಂಡಲದ ಕಡೆಯ ನಮ್ಮ ಮಳೆಯಲ್ಲಿ ಮಿಶ್ರತಳಿಯ ಹಸುಗಳಿಗೆ ಗೊರಸು ಕೊಳೆಯುವುದು, ಕೆಚ್ಚಲು ಬಾವು ಬರುವುದು ಸಾಮಾನ್ಯ. ಗಿಡ್ಡದ ಮೈ ಹಗುರ, ಗೊರಸು ಗಟ್ಟಿ, ಆದ್ದರಿಂದ ಜಾರುವ ಇಳಿಜಾರಿನಲ್ಲೂ ಅದು ಸಲೀಸಾಗಿ ಹತ್ತಿಳಿದು ಮೇಯುತ್ತದೆ. ಆದರೆ ಮೇಯಲು ಜಾಗವೆಲ್ಲಿ? ಹಿಂದೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಕಂದಾಯವಿಲ್ಲದೆ ಬಿಟ್ಟುಕೊಟ್ಟಿದ್ದ ಬಾಣೆಗಳು ಬಹುಪಾಲು ಕಾಫಿ ತೋಟಗಳಾಗಿವೆ. ಎಳೆಯ ಕಾಫಿ ಗಿಡಗಳನ್ನು ತುಳಿಯುವುದರಿಂದ ತೋಟದೊಳಗೆ ದನ ಬಿಡುವಂತಿಲ್ಲ. ಹಾಗಾಗಿ ತೋಟದಲ್ಲಿ ಕಳೆ ಕೊಯ್ದಾಗ ಹುಲ್ಲನ್ನಷ್ಟೇ ಆರಿಸಿ ಕೊಟ್ಟಿಗೆಗೆ ತರುತ್ತೇವೆ. ಕುಯ್ಲಾದ ಮೇಲೆ ಗದ್ದೆಯಲ್ಲಿ ಬಿಟ್ಟು ಮೇಯಿಸುತ್ತೇವೆ, ಉಳಿದ ಕಾಲಕ್ಕೆ ಒಣಹುಲ್ಲಿನ ಬಣವೆ ಇದ್ದೇ ಇದೆ. ಹಿಂಡಿ ಕೊಡುವುದು ಕರು ಹಾಕಿದ ಹಸುವಿಗೆ ಮಾತ್ರ.

ಗಿಡ್ಡ ಹಾಕುವ ಸಗಣಿ ದೊಡ್ಡ ಹಸುವಿನ ಸಗಣಿಯ ಅರ್ಧದಷ್ಟೂ ಆಗದು. ಆ ಕೊರತೆಯನ್ನು ತುಂಬುವುದು ದರಗು. ಬೇಸಿಗೆಯಲ್ಲೇ ಸಿಲ್ವರ್ ಓಕ್, ಹಲಸು, ಕಾಡುಮರಗಳ ಒಣಗಿದ ಎಲೆಗಳನ್ನು ಗುಡಿಸಿ ಮಾಡಿನ ಕೆಳಗೆ ಒಟ್ಟಿಟ್ಟುಕೊಂಡು, ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ಪದರ ಪದರವಾಗಿ ಹಾಸುತ್ತೇನೆ. ಅದು ಗಂಜಲವನ್ನು ಹೀರಿ, ದನದ ಕಾಲಡಿಯಲ್ಲಿ ತುಳಿತಕ್ಕೆ ಸಿಕ್ಕಿ, ಕಪ್ಪಾಗಿ, ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಹದವಾದಾಗ ಗುಂಡಿಗೆ ಹೋಗುತ್ತದೆ. ಗುಂಡಿಗೆ ಮಾಡು ಇರಲೇಬೇಕು. ಇಲ್ಲದಿದ್ದರೆ ನಮ್ಮ ಮಳೆಯಲ್ಲಿ ಸಾರವೆಲ್ಲ ತೋಡಿನ ಪಾಲು. ಮಳೆ ಇಳಿದ ಮೇಲೆ ಇದನ್ನು ಕಾಫಿ ಗಿಡದ ಸುತ್ತ, ಮೆಣಸಿನ ಬಳ್ಳಿಯ ಬುಡಕ್ಕೆ ಹಾಕುತ್ತೇನೆ.

ಜೀವಾಮೃತವೆಂಬ ದ್ರವಗೊಬ್ಬರವನ್ನೂ ಮಾಡುತ್ತೇನೆ: 200 ಲೀಟರ್ ನೀರಿಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ತೋಟದ ಮಣ್ಣು. ಒಣಗಿದ ನೆಲಕ್ಕೆ ಸುರಿದರೆ ಪ್ರಯೋಜನ ಕಾಣದು. ನೆಲದಲ್ಲಿ ತೇವವಿದ್ದಾಗ ಕೊಡಬೇಕು.

ಎತ್ತುಗಳ ಉಪಯೋಗ ಕಡಿಮೆಯಾಗಿದೆ. ಟಿಲ್ಲರ್ ಇಳಿಸಲಾಗದ ಸಣ್ಣ ಕೆಸರು ಗದ್ದೆಗಳಲ್ಲಿ ಮಾತ್ರ ಗಿಡ್ಡ ಜೋಡಿಯೇ ಇಂದಿಗೂ ಉಳುತ್ತದೆ.

ನಿಜವಾದ ತೊಡಕು ಹೋರಿಯದು. ಕೃತಕ ಗರ್ಭಧಾರಣೆಗೆ ಸುಲಭವಾಗಿ ಸಿಗುವುದು ಜರ್ಸಿ, ಎಚ್‌ಎಫ್ ಎಂಬ ದೊಡ್ಡ ವಿದೇಶಿ ತಳಿಗಳ ವೀರ್ಯ; ಅದನ್ನು ಕೊಡಿಸಿದರೆ ಕರು ಗಿಡ್ಡವಾಗಿ ಉಳಿಯುವುದಿಲ್ಲ, ಈ ಪುಟ್ಟ ಹಸುವಿಗೆ ಹೆರಿಗೆಯೂ ಕಷ್ಟವಾಗುತ್ತದೆ. ಅದಕ್ಕಾಗಿ ಒಂದು ಹೋರಿಯನ್ನು ಬೀಜ ಒಡೆಸದೆ ಉಳಿಸಿಕೊಂಡು, ಅದರ ಹೆಣ್ಣುಕರುಗಳು ಬೆದೆಗೆ ಬರುವ ಮೊದಲೇ ಬೇರೆ ಊರಿನ ಮನೆಯವರ ಹೋರಿಯೊಡನೆ ಬದಲಿಸಿಕೊಳ್ಳುತ್ತೇನೆ.