ಒಂದೇ ತೋಟ, ನಾಲ್ಕು ಸಲ: ಯುಕೆಗೆ ಹೊಸದಾಗಿ ಬಂದವರಿಗೆ ನ್ಯಾಷನಲ್ ಟ್ರಸ್ಟ್ ಲೆಕ್ಕಾಚಾರ

ಇಲ್ಲಿಗೆ ಬಂದ ಹೊಸದ್ರಲ್ಲಿ ಎಲ್ರೂ ಮಾಡೋದು ಇದೇ, ಮೇ ತಿಂಗಳಲ್ಲಿ ಚೂರು ಬಿಸಿಲು ಬಂದ್ರೆ ಸಾಕು ಯಾವ್ದೋ ಹಳೇ ಶ್ರೀಮಂತರ ಬಂಗಲೆ ತೋಟಕ್ಕೆ ಹೋಗಿ ಗೇಟಲ್ಲಿ ಟಿಕೆಟ್ ತಗೊಂಡು ಫೋಟೋ ಹೊಡ್ಕೊಂಡು "ನೋಡಾಯ್ತು" ಅಂತ ಬಂದ್ಬಿಡೋದು. ನಾನೂ ಹಂಗೇ ಮಾಡಿದ್ದೆ. ಇವು ಒಂದ್ಸಲಕ್ಕೆ ಮುಗಿಯೋ ಜಾಗ ಅಲ್ಲ. ಇಂಥ ಎಷ್ಟೋ ತೋಟಗಳನ್ನ ನೋಡ್ಕೊಳ್ಳೋದು ನ್ಯಾಷನಲ್ ಟ್ರಸ್ಟ್, ಹಳೇ ಬಂಗಲೆ, ತೋಟಗಳನ್ನ ಜನರಿಗೋಸ್ಕರ ಕಾಪಾಡೋ ಚಾರಿಟಿ ಸಂಸ್ಥೆ.

ವಿಲ್ಟ್‌ಶೈರ್‌ನ ಸ್ಟೌರ್‌ಹೆಡ್ ನೋಡಿ. 1740ರ ದಶಕದಿಂದ ಹೆನ್ರಿ ಹೋರ್ ಅನ್ನೋ ಬ್ಯಾಂಕರ್ ಕಣಿವೆಗೆ ಕಟ್ಟೆ ಹಾಕ್ಸಿ ಕೆರೆ ಮಾಡ್ಸಿ, ಸುತ್ತ ರೋಮನ್ ಥರದ ಗುಡಿಗಳನ್ನ ಕಟ್ಟಿಸ್ದ. ಅವನ ವಂಶದವರೊಬ್ರ ಒಬ್ಬನೇ ಮಗ ಮೊದಲನೇ ಮಹಾಯುದ್ಧದಲ್ಲಿ ತೀರ್ಕೊಂಡಿದ್ದ, ಅವ್ರು 1946ರಲ್ಲಿ ಅದನ್ನ ಟ್ರಸ್ಟ್‌ಗೆ ಕೊಟ್ಬಿಟ್ರು. ಫೆಬ್ರವರಿಲಿ ಸ್ನೋಡ್ರಾಪ್ ಅನ್ನೋ ಪುಟ್ಟ ಬಿಳಿ ಹೂ, ಮೇ ಕೊನೆಗೆ ರೋಡೋಡೆಂಡ್ರಾನ್ ಗಿಡಗಳ ಹೂ (ಚಿಕ್ಕ ಮಕ್ಳು ಎಲೆ ಬಾಯಿಗೆ ಹಾಕ್ದಂಗೆ ನೋಡ್ಕೊಳ್ಳಿ, ವಿಷ), ಅಕ್ಟೋಬರ್ ಕೊನೆಗೆ ಕೆಂಪು-ಹಳದಿ ಮರಗಳೆಲ್ಲ ನೀರಲ್ಲಿ ತಲೆಕೆಳಗಾಗಿ ಕಾಣುತ್ತೆ, ಆಗ ಜನಾನೂ ಜಾಸ್ತಿ, ಬೆಳಗ್ಗೇನೇ ಹೋಗ್ಬಿಡಿ. ನಂಗೆ ಇಷ್ಟ ಆಗಿದ್ದು ಮಾತ್ರ ಜನವರಿ. ಎಲೆ ಇಲ್ದಾಗ ಯಾವ ಗುಡಿ ಎಲ್ಲಿಂದ ಕಾಣ್ಬೇಕು ಅಂತ ಆತ ಯೋಚ್ನೆ ಮಾಡಿದ್ನೋ ಅದು ಆಗ್ಲೇ ಗೊತ್ತಾಗೋದು. ಜುಲೈಲಿ ಬರೀ ಹಸಿರು, ಬಿಟ್ರೂ ನಡಿಯುತ್ತೆ.

ಇನ್ನು ದುಡ್ಡಿನ ವಿಷ್ಯ. ವರ್ಷಕ್ಕೆ ಒಂದ್ಸಲ ಹೋಗೋದಾದ್ರೆ ಟಿಕೆಟ್ ಸಾಕು, ನಾಕೈದು ಸಲ ಅಂದ್ರೆ ಮೆಂಬರ್‌ಶಿಪ್ಪೇ ವಾಸಿ, ಟ್ರಸ್ಟ್‌ದೇ ಕಾರ್ ಪಾರ್ಕಿಂಗ್ ಕೂಡ ಸಾಮಾನ್ಯವಾಗಿ ಫ್ರೀ. ಫ್ಯಾಮಿಲಿ ಮೆಂಬರ್‌ಶಿಪ್ ಅಂದ್ರೆ ಒಂದೇ ಮನೇಲಿರೋ ಇಬ್ರು ದೊಡ್ಡೋರು ಮತ್ತೆ ಮಕ್ಳು. ಊರಿಂದ ಬಂದಿರೋ ಅಪ್ಪ ಅಮ್ಮ ನಿಮ್ ಕಾರ್ಡಲ್ಲಿ ಬರಲ್ಲ, ಅವ್ರಿಗೆ ಬೇರೆ ಟಿಕೆಟ್ಟು. ಡೈರೆಕ್ಟ್ ಡೆಬಿಟ್ (ಬ್ಯಾಂಕಿಂದ ದುಡ್ಡು ತಾನೇ ಕಟ್ ಆಗೋದು) ಕೊಟ್ರೆ ವರ್ಷವರ್ಷ ತಾನೇ ರಿನ್ಯೂ ಆಗುತ್ತೆ, ಬೇಡ ಅಂದ್ರೆ ನೀವೇ ನಿಲ್ಲಿಸ್ಬೇಕು.

ಕೌಂಟರಲ್ಲಿ "ಗಿಫ್ಟ್ ಏಡ್ ಮಾಡ್ತೀರಾ" ಅಂತ ಕೇಳ್ತಾರೆ, ಸುಮ್ನೆ ತಲೆ ಆಡಿಸ್ಬೇಡಿ. ಹ್ಞೂಂ ಅಂದ್ರೆ ನೀವು ಕೊಟ್ಟ ಪ್ರತಿ ಪೌಂಡಿಗೂ ಸರ್ಕಾರದಿಂದ 25 ಪೆನ್ಸ್ ಟ್ರಸ್ಟ್‌ಗೆ ಹೋಗುತ್ತೆ, ಅದು ನೀವು ಇಲ್ಲಿ ಕಟ್ಟಿರೋ ಟ್ಯಾಕ್ಸಿಂದ ಬರೋದು. ಅಷ್ಟು ಟ್ಯಾಕ್ಸ್ ಕಟ್ಟಿಲ್ದೇ ಹ್ಞೂಂ ಅಂದಿದ್ರೆ ವ್ಯತ್ಯಾಸ ನಿಮ್ ತಲೆಗೇ ಬರಬಹುದು, ಅದಕ್ಕೆ ಅಪ್ಪ ಅಮ್ಮನ ಹೆಸರಲ್ಲಂತೂ ಮಾಡ್ಲೇಬೇಡಿ.

ಹಳೇ ಕೋಟೆ-ಸ್ಮಾರಕ ನೋಡ್ಕೊಳ್ಳೋ ಇಂಗ್ಲಿಷ್ ಹೆರಿಟೇಜ್, ತೋಟಗಾರಿಕೆಯ ಆರ್‌ಎಚ್‌ಎಸ್ (ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ) ಎಲ್ಲ ಬೇರೆ ಸಂಸ್ಥೆಗಳು, ಈ ಕಾರ್ಡ್ ಅಲ್ಲಿ ನಡಿಯಲ್ಲ. ಸ್ಕಾಟ್ಲೆಂಡಿಗೂ ಅದರದ್ದೇ ಟ್ರಸ್ಟ್ ಇದೆ, ಆದ್ರೆ ಅಲ್ಲಿ ನಮ್ ಕಾರ್ಡ್ ಒಪ್ತಾರೆ. ಮತ್ತೆ ಚಳಿಗಾಲದಲ್ಲಿ ಹೋಗೋ ಮುಂಚೆ ಟೈಮಿಂಗ್ ನೋಡ್ಕೊಳ್ಳಿ, ಎಷ್ಟೋ ಕಡೆ ತೋಟ ತೆಗ್ದಿರುತ್ತೆ, ಬಂಗಲೆಗೆ ಬೀಗ ಹಾಕಿರ್ತಾರೆ.