ಹಿರಿಯರನ್ನು ಹುಳು ಮನೆಯಿಂದ ಹೊರಗೆ ಕಳಿಸುವ ಮುನ್ನ

ಸರ್ಕಾರಿ ನೌಕರನಿಗೆ 60ಕ್ಕೆ ನಿವೃತ್ತಿ ಎಂಬುದು ಮೊದಲೇ ತಿಳಿದಿರುತ್ತದೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರನಿಗಾದರೋ ಅದು ಯಾವುದೋ ಒಂದು ಬೆಳೆಯ ನಡುವೆ, ‘ಇನ್ನು ಸಾಕು, ನೀವು ಕೂತಿರಿ’ ಎಂಬ ಮಗನ ಮಾತಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಆ ಮಾತನ್ನು ಆಡಿದವನು ನಾನೇ. ಅದಾದ ಮೇಲೆ ಎರಡು ಬೆಳೆಯ ಕಾಲ ತಂದೆಯವರು ಹುಳುಗಳಿಗೆ ಬೆಳಗಿನ ಸೊಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಎದ್ದು, ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು.

ಕೆಲಸ ಬಿಡಿಸುವ ಬದಲು ಹಂಚಿಕೊಳ್ಳಿ. ಸೊಪ್ಪಿನ ಹೊರೆ ಹೊರುವುದು, ಸೋಂಕು ನಿವಾರಕ ಸಿಂಪಡಿಸುವುದು, ರಾತ್ರಿ ತೋಟಕ್ಕೆ ನೀರು ಕಟ್ಟುವುದು ಇವನ್ನು ಮೊದಲು ತಪ್ಪಿಸಿ. ತೀರ್ಮಾನದ ಕೆಲಸವನ್ನು ಮಾತ್ರ ಅವರಲ್ಲೇ ಉಳಿಸಿ. ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕೂತ ಹುಳುಗಳು ಬಹುಪಾಲು ಎದ್ದಿವೆಯೇ, ಸೊಪ್ಪು ಹಾಕಬಹುದೇ ಎಂಬುದನ್ನು ಅವರ ಕಣ್ಣು ಹೇಳಲಿ. ಸೊಪ್ಪು ಬಿಟ್ಟು, ಮೈ ಹೊಳಪಾಗಿ ಹಳದಿಗೆ ತಿರುಗಿದ ಹಣ್ಣು ಹುಳುವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುವುದನ್ನೂ, ಐದಾರು ದಿನಗಳ ನಂತರ ಗೂಡು ಬಿಡಿಸುವುದನ್ನೂ ಒಳ್ಳೆಯ ಬೆಳಕಿನಲ್ಲಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು ಮಾಡಬಹುದು. ಅವರು ಬಿಟ್ಟ ಹುಳುವನ್ನು ಅವರ ಹಿಂದೆಯೇ ನಿಂತು ಮತ್ತೆ ಆರಿಸಬೇಡಿ. ಹಾಗೆ ಮಾಡುವುದಕ್ಕಿಂತ ಕೆಲಸ ಕೊಡದಿರುವುದೇ ಮೇಲು.

ಹಣದ ವಿಷಯವನ್ನೂ ಮರೆಯಬಾರದು. ಹಿಂದೆ ಮಾರುಕಟ್ಟೆಯಿಂದ ನೋಟುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಬರುತ್ತಿದ್ದವರಿಗೆ, ಈಗ ಗೂಡಿನ ಹಣ ಮಗನ ಖಾತೆಗೆ ನೇರವಾಗಿ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಅವರ ಪಾಲನ್ನು ಕೇಳುವ ಮೊದಲೇ ಅವರ ಖಾತೆಗೆ ಹಾಕಿ.

ಇಷ್ಟಾದರೂ ಎರಡು ವಾರ ಮೀರಿ ನಿದ್ದೆ, ಊಟ, ಮಾತು ಕಡಿಮೆಯಾದರೆ ‘ವಯಸ್ಸಾಯಿತು’ ಎಂದು ಬಿಡಬೇಡಿ; ಅದು ಖಿನ್ನತೆಯಿರಬಹುದು. ಈ ವಯಸ್ಸಿನವರು ‘ಮನಸ್ಸಿಗೆ ಬೇಸರ’ ಎನ್ನುವುದು ಅಪರೂಪ; ಕೈಕಾಲು ಸೆಳೆತ, ಎದೆ ಭಾರ ಎನ್ನುತ್ತಾರೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಹೀಗೆಯೇ ಕಾಣಬಹುದಾದ್ದರಿಂದ ರಕ್ತ ಪರೀಕ್ಷೆ ಮಾಡಿಸಿ, ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ. ಒಂದೆರಡು ದಿನಗಳಲ್ಲೇ ದಿಢೀರನೆ ಗೊಂದಲದ ಮಾತು ಶುರುವಾದರೆ ಅದು ಬೇರೆ ಸಂಗತಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕವನ್ನು ಬೇರೆಡೆಗೆ ಸಾಗಿಸಿಯೇ ಕರೆ ಮಾಡಿ.

ವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ಟರೆ ಅದು ಕೆಲಸ ಮಾಡಲು ಕೆಲವು ವಾರಗಳೇ ಹಿಡಿಯುತ್ತವೆ. ಅಷ್ಟು ದಿನ ಅವರ ಚಂದ್ರಿಕೆಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಒಂದನ್ನಾದರೂ ಅವರ ಮುಂದೆ ಇಡಿ.